17 ನಿಮಿಷದ ಕೆಲಸಕ್ಕೆ 22 ದಿನ ಯಾಕೆ? ಬಿಸಿನೆಸ್ ಪ್ರೋಸೆಸ್ ರೀಡಿಸೈನ್ ಅಂದ್ರೆ ಏನು ಅಂತ ಬಿಡಿಸಿ ನೋಡೋಣ

ಒಂದು ದಿನ ಆಫೀಸಲ್ಲಿ ಎಲ್ಲರಿಗೂ ಒಂದು ಮೇಲ್ ಬರತ್ತೆ, "ನಮ್ಮ ಬಿಸಿನೆಸ್ ಪ್ರೋಸೆಸ್‌ಗಳನ್ನ ರೀಡಿಸೈನ್ ಮಾಡ್ತಾ ಇದೀವಿ, ದಯವಿಟ್ಟು ಸಹಕರಿಸಿ" ಅಂತ. ಮುಂದಿನ ವಾರ ಯಾರೋ ಇಬ್ಬರು ಹೊಸಬರು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು ನಿಮ್ಮ ಪಕ್ಕ ಕೂತು "ನೀವು ಬೆಳಗ್ಗೆಯಿಂದ ಏನೇನ್ ಮಾಡ್ತೀರಾ, ಒಂದೊಂದಾಗಿ ಹೇಳಿ" ಅಂತಾರೆ. ಮೀಟಿಂಗ್ ರೂಮಿನ ಗೋಡೆ ತುಂಬ ಹಳದಿ ಚೀಟಿ. ಲೀನ್, ಸಿಕ್ಸ್ ಸಿಗ್ಮಾ, ಬಿಪಿಆರ್ (ಬಿಸಿನೆಸ್ ಪ್ರೋಸೆಸ್ ರೀಎಂಜಿನಿಯರಿಂಗ್), ಆಟೊಮೇಷನ್ ಅಂತ ಪದಗಳು ಹಾರಾಡ್ತಾ ಇರ್ತವೆ, ಕ್ಯಾಂಟೀನಲ್ಲಿ ಮಾತ್ರ ಒಂದೇ ಪ್ರಶ್ನೆ, ಯಾರ ಕೆಲಸ ಹೋಗತ್ತೆ?

ಆ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಈ ಪದಗಳ ಹಿಂದೆ ಏನಿದೆ, ಯಾವುದು ಎಲ್ಲಿಂದ ಬಂತು, ಒಂದಕ್ಕೊಂದು ಏನ್ ವ್ಯತ್ಯಾಸ ಅಂತ ನೋಡೋಣ, ಯಾಕಂದ್ರೆ ಪ್ರೆಸೆಂಟೇಷನ್‌ನಲ್ಲಿ ಕೇಳಿದಾಗ ಎಲ್ಲಾ ಒಂದೇ ಥರ ಅನ್ಸತ್ತೆ, ಆದ್ರೆ ಒಂದೊಂದು ವಿಧಾನ ಒಂದೊಂದು ಬೇರೆ ಕಾಯಿಲೆಗೆ ಹುಟ್ಟಿರೋ ಔಷಧಿ.

ಪ್ರೋಸೆಸ್ ಬೇರೆ, ಡಿಪಾರ್ಟ್‌ಮೆಂಟ್ ಬೇರೆ

ಯಾರೋ ಏನೋ ಕೇಳ್ತಾರೆ. ಅಲ್ಲಿಂದ ಶುರುವಾಗಿ ಕೇಳಿದ್ದು ಅವರ ಕೈ ಸೇರೋವರೆಗೂ ಒಳಗಡೆ ನಡೆಯೋ ಕೆಲಸಗಳ ಸರಪಳಿ ಇದೆಯಲ್ಲ, ಅದೇ ಪ್ರೋಸೆಸ್. ಸಾಲದ ಅರ್ಜಿ ಬಂದಾಗಿಂದ ದುಡ್ಡು ಅಕೌಂಟಿಗೆ ಬೀಳೋವರೆಗೆ ಒಂದು ಪ್ರೋಸೆಸ್. ಹೊಸಬರನ್ನ ತಗೊಳೋಣ ಅಂತ ತೀರ್ಮಾನ ಆದಾಗಿಂದ ಅವರು ಬಂದು, ಲಾಗಿನ್ ಸಿಕ್ಕಿ, ಕೆಲಸ ಶುರು ಮಾಡೋವರೆಗೆ ಇನ್ನೊಂದು.

ಇದನ್ನ ಡಿಪಾರ್ಟ್‌ಮೆಂಟ್ ಜೊತೆ ಸೇರಿಸಿ ಗೊಂದಲ ಮಾಡ್ಕೋಬಾರದು. ಕಂಪನಿಯ ಚಾರ್ಟ್ ನೋಡಿದ್ರೆ ಎಲ್ಲಾ ಮೇಲಿಂದ ಕೆಳಗೆ ಇರತ್ತೆ, ಡೈರೆಕ್ಟರ್, ಅವರ ಕೆಳಗೆ ಮ್ಯಾನೇಜರ್, ಅವರ ಕೆಳಗೆ ನಾವು. ಆದ್ರೆ ಗ್ರಾಹಕನ ಅರ್ಜಿ ಮೇಲಿಂದ ಕೆಳಗೆ ಹೋಗಲ್ಲ, ಅಡ್ಡಡ್ಡ ಹೋಗತ್ತೆ, ಸೇಲ್ಸ್‌ನಿಂದ ಕ್ರೆಡಿಟ್‌ಗೆ, ಅಲ್ಲಿಂದ ಲೀಗಲ್‌ಗೆ, ಅಲ್ಲಿಂದ ಅಕೌಂಟ್ಸ್‌ಗೆ. ಒಂದೊಂದು ಡಿಪಾರ್ಟ್‌ಮೆಂಟಿಗೂ ಒಬ್ಬ ಯಜಮಾನ ಇದಾನೆ, ಆ ಅಡ್ಡ ದಾರಿಗೆ ಮಾತ್ರ ಯಾರೂ ಯಜಮಾನರಿಲ್ಲ. ಪರ್ಚೇಸ್‌ನವರಿಗೆ ಒಟ್ಟಿಗೆ ಜಾಸ್ತಿ ತಗೊಂಡು ರೇಟ್ ಇಳಿಸಿದ್ರೆ ಶಭಾಷ್‌ಗಿರಿ, ಸ್ಟೋರ್ಸ್‌ನವರಿಗೆ ದಾಸ್ತಾನು ಕಮ್ಮಿ ಇಟ್ರೆ ಶಭಾಷ್‌ಗಿರಿ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಕತೆ. ಇಬ್ಬರೂ ತಪ್ಪು ಮಾಡ್ತಿಲ್ಲ, ಇಬ್ಬರೂ ತಮಗೆ ಹೇಳಿದ್ದನ್ನೇ ಚೆನ್ನಾಗಿ ಮಾಡ್ತಿದಾರೆ.

ಇನ್ನೊಂದು ಪದ ಇಲ್ಲೇ ಹೇಳ್ಬಿಡ್ತೀನಿ, ಮುಂದೆ ಪದೇ ಪದೇ ಬರತ್ತೆ. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟೋ ಜಾಗಕ್ಕೆ ಹ್ಯಾಂಡಾಫ್ ಅಂತಾರೆ. ರಿಲೇ ಓಟದಲ್ಲಿ ಕೋಲು ಬೀಳೋದು ಓಡೋವಾಗ ಅಲ್ಲ, ಕೊಡೋವಾಗ.

ಫೈಲ್ ಎಲ್ಲಿ ಕೂತಿರತ್ತೆ?

1990ರಲ್ಲಿ ಮೈಕೆಲ್ ಹ್ಯಾಮರ್ ಅನ್ನೋ ಅಮೆರಿಕದ ಮಾಜಿ ಕಂಪ್ಯೂಟರ್ ಸೈನ್ಸ್ ಪ್ರೊಫೆಸರ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಲೇಖನ ಬರೆದ್ರು. ಅದರಲ್ಲಿ ಮ್ಯೂಚುಯಲ್ ಬೆನಿಫಿಟ್ ಲೈಫ್ ಅನ್ನೋ ಇನ್ಶೂರೆನ್ಸ್ ಕಂಪನಿಯ ಕತೆ ಇದೆ. ಅಲ್ಲಿ ಒಂದು ಪಾಲಿಸಿ ಅರ್ಜಿ 30 ಹಂತದವರೆಗೆ ದಾಟ್ತಿತ್ತು, 5 ಡಿಪಾರ್ಟ್‌ಮೆಂಟ್, 19 ಜನ, ಕೊನೆಗೆ ಪಾಲಿಸಿ ಕೈಗೆ ಬರೋಕೆ 5ರಿಂದ 25 ದಿನ. ಅದೇ ಲೇಖನದಲ್ಲಿ ಇನ್ನೊಂದು ಇನ್ಶೂರೆನ್ಸ್ ಕಂಪನಿಯ ಲೆಕ್ಕ ಇದೆ, ಅರ್ಜಿ ಒಳಗೆ ಇರೋದು 22 ದಿನ, ಅದರ ಮೇಲೆ ನಿಜವಾಗಿ ಯಾರಾದ್ರೂ ಕೂತು ಕೆಲಸ ಮಾಡೋದು 17 ನಿಮಿಷ.

ಈ ಎರಡು ನಂಬರ್ ಮೇಲೆ ಸ್ವಲ್ಪ ನಿಲ್ಲೋಣ. ಅಲ್ಲಿರೋ ಎಲ್ಲರಿಗೂ "ಎರಡರಷ್ಟು ಸ್ಪೀಡಾಗಿ ಕೆಲಸ ಮಾಡಿ" ಅಂತ ಬೈದು, ಎಲ್ಲರೂ ಹಾಗೇ ಮಾಡಿಬಿಟ್ರು ಅಂದ್ಕೊಳ್ಳಿ. ಉಳಿಯೋದು ಎಂಟೂವರೆ ನಿಮಿಷ. 22 ದಿನ 22 ದಿನವಾಗೇ ಇರತ್ತೆ. ಯಾಕಂದ್ರೆ ಆ ದಿನಗಳೆಲ್ಲಾ ಹೋಗಿದ್ದು ಟ್ರೇನಲ್ಲಿ, ಇನ್‌ಬಾಕ್ಸ್‌ನಲ್ಲಿ, "ಸಾರ್ ಸೋಮವಾರ ಬರ್ತಾರೆ" ಅನ್ನೋದ್ರಲ್ಲಿ. ನನ್ನ ಪ್ರಕಾರ ಈ ವಿಷಯದಲ್ಲಿ ಒಂದೇ ಒಂದು ಮಾತು ತಿಳ್ಕೊಂಡ್ರೆ ಸಾಕು ಅಂದ್ರೆ ಇದೇ, ಜನ ನಿಧಾನ ಇರಲ್ಲ, ಕೆಲಸ ಕಾಯ್ತಾ ಕೂತಿರತ್ತೆ.

ಐಬಿಎಂನ ಸಾಲ ಕೊಡೋ ವಿಭಾಗ ಐಬಿಎಂ ಕ್ರೆಡಿಟ್‌ನಲ್ಲಿ ಇದನ್ನ ಕಂಡುಹಿಡಿದ ರೀತಿ ನಂಗೆ ತುಂಬ ಇಷ್ಟ. ಅಲ್ಲಿ ಒಂದು ಫೈನಾನ್ಸ್ ಕೋರಿಕೆ ಐದು ಹಂತ ದಾಟೋಕೆ ಸರಾಸರಿ 6 ದಿನ, ಕೆಲವು ಸಲ ಎರಡು ವಾರ. ಸೇಲ್ಸ್‌ನವರು ಫೋನ್ ಮಾಡಿ "ನಮ್ಮದು ಎಲ್ಲಿದೆ" ಅಂತ ಕೇಳಿದ್ರೆ ಹೇಳೋಕೆ ಯಾರಿಗೂ ಗೊತ್ತಿಲ್ಲ. ಅದಕ್ಕೆ ಮೊದಲು ಮಾಡಿದ ಪರಿಹಾರ ನೋಡಿ, ಒಂದು ಕಂಟ್ರೋಲ್ ಡೆಸ್ಕ್ ಹಾಕಿದ್ರು, ಪ್ರತಿ ಹಂತ ಮುಗಿದ ಮೇಲೂ ಫೈಲ್ ಆ ಡೆಸ್ಕಿಗೆ ವಾಪಸ್ ಬಂದು ಎಂಟ್ರಿ ಆಗಿ ಮುಂದಕ್ಕೆ ಹೋಗ್ಬೇಕು. ಈಗ ಫೈಲ್ ಎಲ್ಲಿದೆ ಅಂತ ಹೇಳೋಕಾಯ್ತು, ಆದ್ರೆ ಮೊದಲಿಗಿಂತ ಇನ್ನೂ ಲೇಟ್! ಕೊನೆಗೆ ಇಬ್ಬರು ಮ್ಯಾನೇಜರ್‌ಗಳು ಒಂದು ಅರ್ಜಿನ ತಾವೇ ಕೈಯಲ್ಲಿ ಹಿಡ್ಕೊಂಡು ಐದೂ ಕಡೆ ನಡೆದ್ರು, ಪ್ರತಿಯೊಬ್ಬರಿಗೂ "ಈಗ ಮಾಡ್ತಿರೋದು ಪಕ್ಕಕ್ಕಿಟ್ಟು ಇದನ್ನ ಮಾಮೂಲಿ ಮಾಡೋ ಹಾಗೇ ಮಾಡ್ಕೊಡಿ" ಅಂದ್ರು. ಒಟ್ಟು ಹಿಡಿದಿದ್ದು 90 ನಿಮಿಷ.

ಆಮೇಲೆ ಅವರು ಮಾಡಿದ್ದು ಇಷ್ಟು. ನಾಲ್ಕು ಥರದ ಪರಿಣಿತರ ಬದಲು ಒಬ್ಬರೇ ಶುರುವಿಂದ ಕೊನೆವರೆಗೆ ಅರ್ಜಿ ನೋಡ್ಕೊಳೋದು, ಕಷ್ಟದ ಕೇಸ್ ಬಂದ್ರೆ ಮಾತ್ರ ಪರಿಣಿತರನ್ನ ಕೇಳೋದು. ಯಾಕಂದ್ರೆ ತೆಗೆದು ನೋಡಿದಾಗ ಗೊತ್ತಾಗಿದ್ದೇನಂದ್ರೆ ಬಹುತೇಕ ಅರ್ಜಿಗಳು ಸಲೀಸಾದವು, ಆ ಪರಿಣಿತರು ಮಾಡ್ತಿದ್ದಿದ್ದೂ ಡೇಟಾಬೇಸ್‌ನಲ್ಲಿ ನೋಡಿ ನಂಬರ್ ಹಾಕೋ ಕೆಲಸವೇ. ಆರು ದಿನ ನಾಲ್ಕು ಗಂಟೆಗೆ ಇಳೀತು.

ಕ್ಯೂ ಲೆಕ್ಕ, ಸ್ವಲ್ಪ ಗಣಿತ, ಹೆದರ್ಕೋಬೇಡಿ

ಕಾಯೋದು ಯಾಕೆ ಇಷ್ಟು ಬೆಳೆಯತ್ತೆ ಅನ್ನೋದಕ್ಕೆ ಎರಡು ಸರಳ ಲೆಕ್ಕ ಇವೆ.

ಮೊದಲನೇದು ಜಾನ್ ಲಿಟಲ್ ಅನ್ನೋರು 1961ರಲ್ಲಿ ಸಾಬೀತು ಮಾಡಿದ್ದು. ಒಳಗೆ ಬಾಕಿ ಇರೋ ಫೈಲ್‌ಗಳ ಸಂಖ್ಯೆನ ದಿನಕ್ಕೆ ಮುಗಿಯೋ ಫೈಲ್‌ಗಳ ಸಂಖ್ಯೆಯಿಂದ ಭಾಗಿಸಿ, ಒಂದು ಫೈಲಿಗೆ ಸರಾಸರಿ ಎಷ್ಟು ದಿನ ಹಿಡಿಯತ್ತೆ ಅಂತ ಬರತ್ತೆ. 300 ಬಾಕಿ ಇವೆ, ದಿನಕ್ಕೆ 20 ಮುಗೀತವೆ, ಅಂದ್ರೆ 15 ದಿನ. ಹಾಗಾಗಿ ಎಲ್ಲಾ ಅರ್ಜಿನೂ ತಗೊಂಡು ಒಳಗೆ ತುಂಬ್ಕೊಂಡ್ರೆ ಕೆಲಸ ಬೇಗ ಆಗತ್ತೆ ಅನ್ನೋದು ಸುಳ್ಳು, ಒಳಗೆ ಗುಡ್ಡೆ ಬಿದ್ದಷ್ಟೂ ಪ್ರತಿಯೊಂದೂ ಲೇಟ್.

ಎರಡನೇದು ಇನ್ನೂ ಮಜಾ. ಒಂದೇ ಕೌಂಟರ್ ಇದೆ, ಜನ ಹೊತ್ತು ಗೊತ್ತಿಲ್ಲದೆ ಬರ್ತಾರೆ, ಒಬ್ಬರ ಕೆಲಸ ಬೇಗ ಆಗತ್ತೆ ಇನ್ನೊಬ್ಬರದು ಎಳೆಯತ್ತೆ, ಸರಾಸರಿ ಒಬ್ಬರಿಗೆ 10 ನಿಮಿಷ ಅಂದ್ಕೊಳ್ಳಿ. ಕ್ಯೂ ಲೆಕ್ಕದ ತೀರಾ ಸರಳ ಮಾದರಿ ಪ್ರಕಾರ ಕೌಂಟರ್‌ನಲ್ಲಿರೋರು ಅರ್ಧ ಹೊತ್ತು ಬಿಜಿ ಇದ್ರೆ ಬಂದವರು ಸರಾಸರಿ 10 ನಿಮಿಷ ಕಾಯ್ತಾರೆ. 80 ಪರ್ಸೆಂಟ್ ಬಿಜಿ ಇದ್ರೆ 40 ನಿಮಿಷ. 90 ಆದ್ರೆ 90 ನಿಮಿಷ, 95 ಆದ್ರೆ ಮೂರು ಗಂಟೆಗೂ ಜಾಸ್ತಿ. ರಸ್ತೆ ತುಂಬ್ತಾ ತುಂಬ್ತಾ ಸುಮಾರಾಗಿ ಓಡ್ತಿದ್ದ ಟ್ರಾಫಿಕ್ ಇದ್ದಕ್ಕಿದ್ದಂಗೆ ನಿಂತುಬಿಡತ್ತಲ್ಲ, ಹಾಗೇ. "ನಮ್ಮ ಸ್ಟಾಫ್ ಒಂದು ನಿಮಿಷ ಖಾಲಿ ಕೂರಬಾರದು" ಅಂತ ಹಠ ಹಿಡಿಯೋ ಮ್ಯಾನೇಜರ್ ತನಗೇ ಗೊತ್ತಿಲ್ಲದೆ ಗ್ರಾಹಕರನ್ನ ಕಾಯಿಸ್ತಾ ಇರ್ತಾರೆ.

ಇಷ್ಟೊಂದು ತುಂಡು ಮಾಡಿದ್ದು ಯಾರು?

ಕೆಲಸ ಒಡೆದಿದ್ದು ದಡ್ಡತನದಿಂದ ಅಲ್ಲ, ಒಂದು ಕಾಲಕ್ಕೆ ಅದೇ ದೊಡ್ಡ ಜಾಣತನ. 1776ರಲ್ಲಿ ಆಡಂ ಸ್ಮಿತ್ ಗುಂಡುಸೂಜಿ ಕಾರ್ಖಾನೆಯ ಉದಾಹರಣೆ ಕೊಟ್ಟು, ಒಂದು ಸೂಜಿ ಮಾಡೋ ಕೆಲಸನ ಸುಮಾರು 18 ಹಂತಕ್ಕೆ ಒಡೆದು ಹತ್ತು ಜನರಿಗೆ ಹಂಚಿದ್ರೆ ದಿನಕ್ಕೆ 48,000 ಸೂಜಿ ಆಗತ್ತೆ, ಒಬ್ಬೊಬ್ಬರೇ ಪೂರ್ತಿ ಮಾಡೋಕೆ ಹೋದ್ರೆ ದಿನಕ್ಕೆ 20 ಕೂಡ ಆಗಲ್ಲ ಅಂತ ಬರೆದ್ರು. 1900ರ ಆಸುಪಾಸು ಫ್ರೆಡರಿಕ್ ಟೇಲರ್ ಸ್ಟಾಪ್‌ವಾಚ್ ಹಿಡ್ಕೊಂಡು ಕೆಲಸಗಾರರ ಒಂದೊಂದು ಚಲನೆನೂ ಅಳೆದ್ರು. 1913ರಲ್ಲಿ ಹೆನ್ರಿ ಫೋರ್ಡ್ ಕಾರ್ಖಾನೆಯಲ್ಲಿ ಚಲಿಸೋ ಅಸೆಂಬ್ಲಿ ಲೈನ್ ಬಂತು, ಕಾರಿನ ಚಾಸಿ ಜೋಡಿಸೋಕೆ ಹನ್ನೆರಡೂವರೆ ಗಂಟೆ ಹಿಡೀತಿದ್ದಿದ್ದು ಸುಮಾರು ಒಂದೂವರೆ ಗಂಟೆಗೆ ಬಂತು.

ಆಮೇಲೆ ಆಫೀಸ್‌ಗಳೂ ಇದನ್ನೇ ಕಾಪಿ ಹೊಡೆದ್ವು, ಒಬ್ಬರು ಸೀಲ್ ಹಾಕೋರು, ಒಬ್ಬರು ಚೆಕ್ ಮಾಡೋರು, ಒಬ್ಬರು ಚೆಕ್ ಮಾಡಿದ್ದನ್ನ ಚೆಕ್ ಮಾಡೋರು. ಆದ್ರೆ ಕಾರ್ಖಾನೆಯಲ್ಲಿ ಬೆಲ್ಟ್ ಇತ್ತು, ಒಂದು ಕೈಯಿಂದ ಮುಂದಿನ ಕೈಗೆ ಸಾಮಾನು ತಾನಾಗೇ ಹೋಗ್ತಿತ್ತು, ನಡುವೆ ಗುಡ್ಡೆ ಬಿದ್ರೆ ಕಣ್ಣಿಗೆ ಕಾಣ್ತಿತ್ತು. ಆಫೀಸಲ್ಲಿ ಬೆಲ್ಟ್ ಇಲ್ಲ. ಕಪಾಟಿನೊಳಗೆ, ಇನ್‌ಬಾಕ್ಸ್‌ನೊಳಗೆ ಗುಡ್ಡೆ ಬಿದ್ರೆ ಯಾರಿಗೂ ಕಾಣಲ್ಲ.

ದಿನಾ ಸ್ವಲ್ಪ ಸ್ವಲ್ಪ: ಟೊಯೋಟಾ ದಾರಿ

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನ ಟೊಯೋಟಾ ಹತ್ರ ಅಮೆರಿಕದ ಕಂಪನಿಗಳ ಹಾಗೆ ದುಡ್ಡೂ ಇರ್ಲಿಲ್ಲ, ಜಾಗನೂ ಇರ್ಲಿಲ್ಲ, ಅಷ್ಟು ದೊಡ್ಡ ಮಾರ್ಕೆಟ್ಟೂ ಇರ್ಲಿಲ್ಲ. ಹಾಗಾಗಿ ತೈಚಿ ಓನೊ ಅನ್ನೋ ಎಂಜಿನಿಯರ್ ಮತ್ತು ಅವರ ಜೊತೆಯವರು ಬೇರೆ ಕಡೆಯಿಂದ ಯೋಚನೆ ಮಾಡಿದ್ರು, ಕೆಲಸ ಜೋರು ಮಾಡೋದಕ್ಕಿಂತ ದಂಡ ತೆಗೆಯೋದು. ಜಪಾನಿ ಭಾಷೆಯಲ್ಲಿ ಇದಕ್ಕೆ ಮುಡಾ ಅಂತಾರೆ, ಅಂದ್ರೆ ಗ್ರಾಹಕನಿಗೆ ಏನೂ ಉಪಯೋಗ ಇಲ್ಲದ ಶ್ರಮ. ಓನೊ ಏಳು ಥರದ ದಂಡ ಪಟ್ಟಿ ಮಾಡಿದ್ರು: ಬೇಕಾಗಿದ್ದಕ್ಕಿಂತ ಜಾಸ್ತಿ ಮಾಡೋದು, ಕಾಯೋದು, ಸಾಮಾನು ಸುಮ್ಮನೆ ಅಲ್ಲಿಂದಿಲ್ಲಿಗೆ ಸಾಗಿಸೋದು, ಬೇಡದ ಸಂಸ್ಕರಣೆ, ದಾಸ್ತಾನು, ಸುಮ್ಮನೆ ಓಡಾಟ, ತಪ್ಪು ಮಾಡಿ ಮತ್ತೆ ಮಾಡೋದು. ಇದನ್ನ ಆಫೀಸಿಗೆ ಹೊಂದಿಸಿ ನೋಡಿ. ಯಾರೂ ಓದದ ವಾರದ ರಿಪೋರ್ಟ್ ಒಂದು ದಂಡ, ಒಂದೇ ವಿಳಾಸನ ಮೂರು ಫಾರ್ಮಲ್ಲಿ ತುಂಬೋದು ಇನ್ನೊಂದು.

ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ ಶೆಲ್ಫ್ ಖಾಲಿ ಆದಷ್ಟೇ ತಂದು ತುಂಬ್ತಾರಲ್ಲ, ಆ ಐಡಿಯಾನ ಓನೊ ಕಾರ್ಖಾನೆಗೆ ತಂದ್ರು. ಮುಂದಿನವರು ಚೀಟಿ ಕಳಿಸಿದ್ರೆ ಮಾತ್ರ ಹಿಂದಿನವರು ಮಾಡಿ ಕೊಡ್ಬೇಕು, ಇಲ್ಲಾಂದ್ರೆ ಮಾಡೋ ಹಾಗಿಲ್ಲ. ಆ ಚೀಟಿನೇ ಕಾನ್‌ಬಾನ್. ಇವತ್ತು ಸಾಫ್ಟ್‌ವೇರ್ ಟೀಮ್‌ಗಳ ಬೋರ್ಡಲ್ಲಿ ಇರೋ ಕಾನ್‌ಬಾನ್ ಅನ್ನೋ ಹೆಸರು ಬಂದಿದ್ದು ಇಲ್ಲಿಂದಲೇ, ಆದ್ರೆ ತುಂಬ ಕಡೆ ಬೋರ್ಡ್ ಮಾತ್ರ ಉಳಿದು "ಒಂದು ಸಲಕ್ಕೆ ಇಷ್ಟೇ ಕೆಲಸ ಕೈಗೆ ತಗೋಬೇಕು" ಅನ್ನೋ ಮಿತಿನೇ ಮಾಯ ಆಗಿದೆ.

ಇನ್ನೊಂದು ಅಭ್ಯಾಸ, ಲೈನಲ್ಲಿ ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದು ಎಲ್ಲರನ್ನೂ ಎಚ್ಚರಿಸಬಹುದು, ಸರಿ ಹೋಗದಿದ್ರೆ ಲೈನೇ ನಿಲ್ಲತ್ತೆ. ಆಮೇಲೆ "ಯಾಕೆ" ಅಂತ ಐದು ಸಲ ಕೇಳ್ತಾರೆ. ಬಿಲ್ ಪಾವತಿ ಲೇಟ್ ಆಯ್ತು, ಯಾಕೆ? ಸಹಿ ಆಗಿರ್ಲಿಲ್ಲ. ಯಾಕೆ? ಸಾಹೇಬರು ರಜೆ. ಅವರಿಲ್ಲದಾಗ ಬೇರೆಯವರು ಯಾಕೆ ಮಾಡಿಲ್ಲ? ಅಧಿಕಾರ ಕೊಟ್ಟಿಲ್ಲ. ಯಾಕೆ ಕೊಟ್ಟಿಲ್ಲ? ನಿಯಮದಲ್ಲಿ ಒಬ್ಬರದೇ ಹೆಸರಿದೆ. ಅದು ಯಾಕೆ? ನಿಯಮ ಬರೆದಾಗ ಆಫೀಸಲ್ಲಿ ಇದ್ದಿದ್ದೇ ಆರು ಜನ. ಇಲ್ಲಿಗೆ ಬಂದಾಗ ಕ್ಲರ್ಕ್‌ಗೆ ಮೆಮೊ ಕೊಟ್ಟು ಪ್ರಯೋಜನ ಇಲ್ಲ ಅಂತ ಗೊತ್ತಾಗತ್ತೆ.

ಹೀಗೆ ಕೆಲಸ ಮಾಡೋರೇ ದಿನಾ ಸ್ವಲ್ಪ ಸ್ವಲ್ಪ ಸುಧಾರಿಸ್ತಾ ಹೋಗೋದಕ್ಕೆ ಕೈಜೆನ್ ಅಂತ ಹೆಸರು. ಈ ಇಡೀ ಪದ್ಧತಿಗೆ ಲೀನ್ ಅನ್ನೋ ಇಂಗ್ಲಿಷ್ ಹೆಸರು ಬಂದಿದ್ದು 1988ರಲ್ಲಿ, ಜಾನ್ ಕ್ರಾಫ್ಚಿಕ್ ಅನ್ನೋ ಸಂಶೋಧಕ ಇಟ್ಟಿದ್ದು.

ಸಿಕ್ಸ್ ಸಿಗ್ಮಾ: ಸರಾಸರಿ ನಂಬಬೇಡಿ

ಇದನ್ನ ಬೇಗ ಹೇಳ್ತೀನಿ. 1986ರಲ್ಲಿ ಮೊಟೊರೊಲಾದ ಎಂಜಿನಿಯರ್ ಬಿಲ್ ಸ್ಮಿತ್ ಶುರು ಮಾಡಿದ್ದು, 1995ರಿಂದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಅದರ ಮುಖ್ಯಸ್ಥ ಜ್ಯಾಕ್ ವೆಲ್ಶ್ ಹಿಡಿದ ಮೇಲೆ ಜಗತ್ತಿಗೆಲ್ಲಾ ಹಬ್ಬಿತು. ಗುರಿ ಏನಂದ್ರೆ ತಪ್ಪಾಗೋ 10 ಲಕ್ಷ ಅವಕಾಶದಲ್ಲಿ 3.4ಕ್ಕಿಂತ ಜಾಸ್ತಿ ತಪ್ಪು ಆಗಬಾರದು. ಇಲ್ಲಿ ಶತ್ರು ಅಂದ್ರೆ ಏರುಪೇರು. ಸರಾಸರಿ ಹತ್ತು ನಿಮಿಷಕ್ಕೊಂದು ಬಸ್ ಅಂತಾರೆ, ಒಂದು ದಿನ ಎರಡು ನಿಮಿಷಕ್ಕೆ ಬರತ್ತೆ ಒಂದು ದಿನ ನಲವತ್ತು, ನಿಮಗೆ ನೆನಪಿರೋದು ಆ ನಲವತ್ತೇ.

ಹಂತ ಜಾಸ್ತಿ ಇದ್ದಾಗ ತಪ್ಪು ಹೇಗೆ ಕೂಡ್ತಾ ಹೋಗತ್ತೆ ಅಂತಾನೂ ನೋಡಿ. ಪ್ರತಿ ಹಂತದಲ್ಲೂ 95 ಪರ್ಸೆಂಟ್ ಸರಿ ಅಂದ್ರೆ ಕೇಳೋಕೆ ಚೆನ್ನಾಗಿದೆ, ಆದ್ರೆ ಹತ್ತು ಹಂತ ದಾಟೋ ಹೊತ್ತಿಗೆ ಒಂದೂ ತಪ್ಪಿಲ್ಲದೆ ಆಚೆ ಬರೋದು ನೂರಕ್ಕೆ 60 ಮಾತ್ರ. ಅದಕ್ಕೇ ಸಿಕ್ಸ್ ಸಿಗ್ಮಾದವರು ಮೊದಲು ಸಮಸ್ಯೆ ಏನು ಅಂತ ಗೆರೆ ಹಾಕ್ತಾರೆ, ಅಳೀತಾರೆ, ಕಾರಣ ಹುಡುಕ್ತಾರೆ, ಸರಿ ಮಾಡ್ತಾರೆ, ಕೊನೆಗೆ ಹಳೇ ಚಾಳಿಗೆ ಹೋಗದ ಹಾಗೆ ಕಾವಲು ಇಡ್ತಾರೆ. ಇದಕ್ಕೆ ಒಂದೇ ಥರದ ಕೆಲಸ ಸಾವಿರಾರು ಸಲ ನಡೀಬೇಕು, ಆಗಲೇ ಲೆಕ್ಕ ನಿಲ್ಲೋದು. ತಿಂಗಳಿಗೆ ನಾಲ್ಕು ಸಲ ಆಗೋ ಕೆಲಸಕ್ಕೆ ಸಿಕ್ಸ್ ಸಿಗ್ಮಾ ಅಂದ್ರೆ ಮೂಗಿಗಿಂತ ಮೂಗುತಿ ಭಾರ.

ಪೂರ್ತಿ ಕೆಡವಿ ಕಟ್ಟೋದು: ರೀಎಂಜಿನಿಯರಿಂಗ್

ಈಗ ಹ್ಯಾಮರ್ ಹತ್ರ ವಾಪಸ್ ಬರೋಣ. ಅವರ ವಾದ ತುಂಬ ಖಡಕ್. ಹಾಳಾದ ದಾರಿಗೆ ಕಂಪ್ಯೂಟರ್ ಹಾಕಿದ್ರೆ ಹಾಳು ಕೆಲಸ ಸ್ಪೀಡಾಗಿ ಆಗತ್ತೆ ಅಷ್ಟೇ, ಮೊದಲು ಆ ಕೆಲಸನೇ ಬೇಕಾ ಅಂತ ಕೇಳಿ, ಬೇಡ ಅಂದ್ರೆ ಅಳಿಸಿಹಾಕಿ.

ಅವರು ಕೊಟ್ಟ ಫೋರ್ಡ್ ಕಂಪನಿಯ ಉದಾಹರಣೆ ಇವತ್ತಿಗೂ ಪಾಠದಲ್ಲಿ ಹೇಳ್ತಾರೆ. 1980ರ ದಶಕದ ಶುರುವಿನಲ್ಲಿ ಉತ್ತರ ಅಮೆರಿಕದಲ್ಲಿ ಫೋರ್ಡ್‌ನ ಸಪ್ಲೈಯರ್‌ಗಳಿಗೆ ಪೇಮೆಂಟ್ ಮಾಡೋ ವಿಭಾಗದಲ್ಲಿ 500ಕ್ಕೂ ಜಾಸ್ತಿ ಜನ ಇದ್ರು. ಕಂಪ್ಯೂಟರ್ ತಂದು 20 ಪರ್ಸೆಂಟ್ ಕಮ್ಮಿ ಮಾಡೋಣ ಅಂತ ಪ್ಲಾನ್ ಹಾಕಿದ್ರು, ಸುಮಾರು 400 ಜನ ಸಾಕು ಅಂತ ಖುಷಿಯಲ್ಲಿದ್ರು. ಆಮೇಲೆ ಜಪಾನಿನ ಕಾರ್ ಕಂಪನಿ ಮಾಜ್ದಾ ಕಡೆ ನೋಡಿದ್ರೆ ಅಲ್ಲಿ ಅದೇ ಕೆಲಸಕ್ಕೆ ಇರೋದು 5 ಜನ. ಮಾಜ್ದಾ ಚಿಕ್ಕ ಕಂಪನಿ ನಿಜ, ಆದ್ರೂ ಈ ಅಂತರಕ್ಕೆ ಆ ನೆಪ ಸಾಲಲ್ಲ.

ಫೋರ್ಡ್‌ನಲ್ಲಿ ಆಗ್ತಿದ್ದಿದ್ದು ಹೀಗೆ. ಪರ್ಚೇಸ್‌ನವರು ಆರ್ಡರ್ ಕಳಿಸ್ತಾರೆ, ಒಂದು ಕಾಪಿ ಅಕೌಂಟ್ಸ್‌ಗೆ. ಸಾಮಾನು ಬಂದಾಗ ಇಳಿಸ್ಕೊಂಡವರು ರಸೀದಿಯ ಕಾಪಿ ಅಕೌಂಟ್ಸ್‌ಗೆ. ಸಪ್ಲೈಯರ್ ಇನ್‌ವಾಯ್ಸ್ ಕಳಿಸ್ತಾನೆ, ಅದೂ ಅಕೌಂಟ್ಸ್‌ಗೆ. ಮೂರೂ ಕಾಗದದಲ್ಲಿ 14 ವಿವರ ತಾಳೆ ಆಗ್ಬೇಕು, ತಾಳೆ ಆದ್ರೇನೇ ಪೇಮೆಂಟ್. ತಾಳೆ ಆಗದಿರೋದೇ ತಲೆನೋವು, ಒಂದು ಕಡೆ ನೂರು ಇನ್ನೊಂದು ಕಡೆ ತೊಂಬತ್ತೆಂಟು, ಯಾರದು ತಪ್ಪು ಅಂತ ಫೋನ್ ಮಾಡ್ತಾ ಕೂರೋದ್ರಲ್ಲೇ ಅವರ ಹೊತ್ತೆಲ್ಲಾ ಹೋಗ್ತಿತ್ತು.

ಹೊಸ ದಾರೀಲಿ ಇನ್‌ವಾಯ್ಸೇ ಇಲ್ಲ! ಪರ್ಚೇಸ್‌ನವರು ಆರ್ಡರನ್ನ ಡೇಟಾಬೇಸಲ್ಲಿ ಹಾಕ್ತಾರೆ. ಲಾರಿ ಬಂದಾಗ ಬಾಗಿಲಲ್ಲಿ ಇರೋ ಗುಮಾಸ್ತ ಸ್ಕ್ರೀನ್ ನೋಡ್ತಾನೆ, ಆರ್ಡರಿಗೆ ಸರಿ ಇದ್ರೆ ಇಳಿಸ್ಕೊಂಡು ಎಂಟ್ರಿ ಮಾಡ್ತಾನೆ, ಕಂಪ್ಯೂಟರ್ ಚೆಕ್ ಕಳಿಸತ್ತೆ. ಸರಿ ಇಲ್ಲಾಂದ್ರೆ ಲಾರಿ ವಾಪಸ್. ತಾಳೆ ನೋಡೋದು 14ರ ಬದಲು ಮೂರೇ ವಿವರ. ಜನರ ಸಂಖ್ಯೆ 75 ಪರ್ಸೆಂಟ್ ಇಳೀತು. ಇಲ್ಲಿ ನಿಜವಾಗಿ ಬದಲಾಗಿದ್ದು ಒಂದು ನಿಯಮ, "ಇನ್‌ವಾಯ್ಸ್ ಬಂದಾಗ ದುಡ್ಡು" ಅನ್ನೋದು "ಸಾಮಾನು ಬಂದಾಗ ದುಡ್ಡು" ಅಂತಾಯ್ತು. ಆ ನಿಯಮನ ಯಾರೂ ಎಲ್ಲೂ ಕಲ್ಲಲ್ಲಿ ಕೆತ್ತಿರ್ಲಿಲ್ಲ, ಸುಮ್ಮನೆ ಎಲ್ಲರೂ ಹಾಗೇ ಅಂದ್ಕೊಂಡಿದ್ರು.

ಆದ್ರೆ ಈ ಕತೆಯ ಇನ್ನೊಂದು ಮಗ್ಗುಲೂ ಇದೆ. 1993ರಲ್ಲಿ ಹ್ಯಾಮರ್ ಮತ್ತು ಜೇಮ್ಸ್ ಚಾಂಪಿ ಇಬ್ಬರೂ ಸೇರಿ ಇದರ ಮೇಲೆ ಪುಸ್ತಕ ಬರೆದ ಮೇಲೆ ಎಲ್ಲೆಲ್ಲೂ ರೀಎಂಜಿನಿಯರಿಂಗ್ ಜ್ವರ. ಆ ಪುಸ್ತಕದಲ್ಲೇ ಅವರು, ಇದು ವೈಜ್ಞಾನಿಕ ಲೆಕ್ಕ ಅಲ್ಲ ಅಂತ ಹೇಳಿಯೇ, 50ರಿಂದ 70 ಪರ್ಸೆಂಟ್ ಪ್ರಯತ್ನಗಳು ಅಂದ್ಕೊಂಡ ದೊಡ್ಡ ಫಲಿತಾಂಶ ಕೊಡಲ್ಲ ಅಂತ ಅಂದಾಜು ಮಾಡಿದ್ರು. ಎಷ್ಟೋ ಕಂಪನಿಗಳಿಗೆ ದಾರಿ ಬದಲಾಯಿಸೋ ಕಷ್ಟ ಬೇಡ, ಜನರನ್ನ ತೆಗೆಯೋಕೆ ಒಂದು ಚಂದದ ಹೆಸರು ಸಿಕ್ಕಿದ್ರೆ ಸಾಕಾಗಿತ್ತು. ನೆಗಡಿ ಆಯ್ತು ಅಂತ ಮೂಗು ಕೊಯ್ಕೊಂಡ ಹಾಗೆ. ಇದೇ ವಿಷಯದ ಆರಂಭದ ಸಂಶೋಧಕರಲ್ಲಿ ಒಬ್ಬರಾದ ಥಾಮಸ್ ಡೇವನ್‌ಪೋರ್ಟ್ 1995ರಲ್ಲಿ, ಈ ಫ್ಯಾಷನ್ನು ಮನುಷ್ಯರನ್ನೇ ಮರೀತು ಅಂತ ಬರೆದ್ರು. ಮರುವರ್ಷ ಹ್ಯಾಮರ್ ಕೂಡ ಒಪ್ಕೊಂಡ್ರು, ನಾನು ಎಂಜಿನಿಯರ್ ತಲೆಯಿಂದ ನೋಡಿದೆ, ಜನರ ವಿಷಯ ನಂಗೆ ಸಾಕಷ್ಟು ಹೊಳೀಲಿಲ್ಲ ಅಂತ.

ಕ್ಯಾಂಟೀನಿನ ಪ್ರಶ್ನೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ, ಅದು ಸುಮ್ಮನೆ ಹುಟ್ಟಿದ ಹೆದರಿಕೆ ಅಲ್ಲ. ಉತ್ತರ ಮಾತ್ರ ಒಂದೇ ಥರ ಇರಲ್ಲ. ಫೋರ್ಡ್‌ನಲ್ಲಿ ಮುಕ್ಕಾಲು ಭಾಗ ಇಳೀತು, ಐಬಿಎಂ ಕ್ರೆಡಿಟ್‌ನಲ್ಲಿ ಜನ ಸ್ವಲ್ಪ ಮಾತ್ರ ಕಮ್ಮಿ ಆಗಿ ಮಾಡೋ ಕೆಲಸ ನೂರು ಪಟ್ಟು ಜಾಸ್ತಿ ಆಯ್ತು. ಉಳಿದ ಸಮಯನ ಕಂಪನಿ ಏನ್ ಮಾಡ್ಬೇಕು ಅಂತಿದೆ ಅನ್ನೋದರ ಮೇಲೆ ಅದು ನಿಂತಿರತ್ತೆ.

ಅಂದ ಹಾಗೆ, ಮೇಲೆ ಹೇಳಿದ ಮ್ಯೂಚುಯಲ್ ಬೆನಿಫಿಟ್ ಲೈಫ್ ಕೂಡ ಒಬ್ಬರೇ ಪೂರ್ತಿ ಕೇಸ್ ನೋಡ್ಕೊಳೋ ಪದ್ಧತಿ ತಂದು ಪಾಲಿಸಿನ ನಾಲ್ಕು ಗಂಟೆಯಲ್ಲಿ ಕೊಡೋಷ್ಟು ಚುರುಕಾಗಿತ್ತು. 1991ರಲ್ಲಿ ರಿಯಲ್ ಎಸ್ಟೇಟ್ ಹೂಡಿಕೆ ಕೈಕೊಟ್ಟು ಸರ್ಕಾರದವರು ಬಂದು ಕಂಪನಿನೇ ವಶಕ್ಕೆ ತಗೊಂಡ್ರು. ಪ್ರೋಸೆಸ್ ಎಷ್ಟೇ ಚೆನ್ನಾಗಿದ್ರೂ ತಪ್ಪು ಜಾಗದಲ್ಲಿ ಹಾಕಿದ ದುಡ್ಡನ್ನ ಅದು ವಾಪಸ್ ತರಲ್ಲ.

ಒಂದೇ ಕಡೆ ಕೈ ಹಾಕೋದು

ಎಲ್ಲಾ ಕಡೆ ಸುಧಾರಿಸೋದೂ ಬೇಡ, ಪೂರ್ತಿ ಕೆಡವೋದೂ ಬೇಡ ಅನ್ನೋ ಮೂರನೇ ದಾರಿ ಇಸ್ರೇಲಿನ ಭೌತವಿಜ್ಞಾನಿ ಎಲಿಯಾಹು ಗೋಲ್ಡ್‌ರಾಟ್ ಅವರದು, 1984ರಲ್ಲಿ ಕಾದಂಬರಿ ರೂಪದಲ್ಲಿ ಇದನ್ನ ಹೇಳಿದ್ರು. ನಾಲ್ಕು ಲೇನ್ ರಸ್ತೆ ಒಂದು ಕಿರಿದಾದ ಸೇತುವೆಗೆ ಬಂದು ಸೇರತ್ತೆ ಅಂದ್ಕೊಳ್ಳಿ. ಸೇತುವೆಗೆ ಮುಂಚಿನ ರಸ್ತೆನ ಎಂಟು ಲೇನ್ ಮಾಡಿದ್ರೂ ಏನೂ ಉಪಯೋಗ ಇಲ್ಲ, ಸೇತುವೆ ಮುಂದೆ ನಿಲ್ಲೋ ಗಾಡಿ ಜಾಸ್ತಿ ಆಗ್ತವೆ ಅಷ್ಟೇ. ಹಾಗಾಗಿ ಆ ಇಕ್ಕಟ್ಟಿನ ಜಾಗ ಹುಡುಕಿ, ಅಲ್ಲಿರೋರ ಒಂದು ನಿಮಿಷನೂ ಬೇರೆ ಸಣ್ಣಪುಟ್ಟ ಕೆಲಸಕ್ಕೆ ಹೋಗದ ಹಾಗೆ ನೋಡ್ಕೊಳ್ಳಿ, ಉಳಿದವರು ಅವರ ಲಯಕ್ಕೆ ಹೊಂದ್ಕೊಳ್ಳಲಿ, ಅದಾದ ಮೇಲೂ ಸಾಲದಿದ್ರೆ ಮಾತ್ರ ಹೊಸ ಜನ, ಹೊಸ ಮೆಷಿನ್. ಆಗ ಇಕ್ಕಟ್ಟು ಬೇರೆ ಕಡೆ ಸರಿಯತ್ತೆ, ಮತ್ತೆ ಹುಡುಕಿ. ಆಫೀಸಲ್ಲಿ ಬಹಳ ಸಲ ಈ ಸೇತುವೆ ಯಾರಪ್ಪಾ ಅಂದ್ರೆ ಎಲ್ಲದಕ್ಕೂ ಸಹಿ ಹಾಕ್ಬೇಕಾದ ಒಬ್ಬರೇ ಒಬ್ಬರು.

ಗೋಡೆ ಮೇಲಿನ ಚೀಟಿ, ಕಂಪ್ಯೂಟರಿನ ಜಾಡು

ಯಾವ ವಿಧಾನ ಆದ್ರೂ ಮೊದಲು ಈಗ ಕೆಲಸ ಹೇಗೆ ನಡೀತಿದೆ ಅಂತ ಚಿತ್ರ ಬರೀಬೇಕು. ಆ ಹಳದಿ ಚೀಟಿಗಳು ಅದಕ್ಕೇ. ಆಮೇಲೆ ಅದನ್ನ ಬಿಪಿಎಂಎನ್ ಅನ್ನೋ ಚಿಹ್ನೆಗಳಲ್ಲಿ ಬರೀತಾರೆ, ದುಂಡಗಿನ ವೃತ್ತ ಅಂದ್ರೆ ಶುರು ಅಥವಾ ಕೊನೆ, ಮೂಲೆ ಉರುಟಾಗಿರೋ ಡಬ್ಬಿ ಅಂದ್ರೆ ಒಂದು ಕೆಲಸ, ವಜ್ರಾಕಾರ ಅಂದ್ರೆ ದಾರಿ ಕವಲೊಡೆಯೋ ಜಾಗ, ಒಬ್ಬೊಬ್ಬರಿಗೂ ಒಂದೊಂದು ಪಟ್ಟೆ. ಗೆರೆ ಎಷ್ಟು ಸಲ ಪಟ್ಟೆ ದಾಟತ್ತೋ ಅಷ್ಟು ಹ್ಯಾಂಡಾಫ್. 2013ರಿಂದ ಇದು ಐಎಸ್‌ಒ ಸ್ಟ್ಯಾಂಡರ್ಡ್ ಕೂಡ ಹೌದು.

ತೊಂದರೆ ಎಲ್ಲಿ ಅಂದ್ರೆ, ಕೇಳಿದಾಗ ಜನ ನಿಯಮದಲ್ಲಿ ಇರೋದನ್ನ ಹೇಳ್ತಾರೆ, ಮಾಡೋದನ್ನ ಹೇಳಲ್ಲ. ಸುಳ್ಳು ಹೇಳ್ಬೇಕು ಅಂತಲ್ಲ, "ಅರ್ಜೆಂಟ್ ಇದ್ರೆ ನೇರ ಅವರಿಗೇ ಫೋನ್ ಮಾಡ್ತೀನಿ" ಅನ್ನೋದೆಲ್ಲಾ ಹೇಳೋ ವಿಷಯ ಅಂತಾನೇ ಅನ್ಸಲ್ಲ. ಇದಕ್ಕೆ ಬಂದಿರೋದು ಪ್ರೋಸೆಸ್ ಮೈನಿಂಗ್, ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ವಿಲ್ ವ್ಯಾನ್ ಡೆರ್ ಆಲ್ಸ್ಟ್ ಬೆಳೆಸಿದ ವಿದ್ಯೆ. ಆಫೀಸಿನ ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಯಾವ ಕೇಸ್, ಯಾವ ಕೆಲಸ, ಎಷ್ಟು ಹೊತ್ತಿಗೆ ಅನ್ನೋ ದಾಖಲೆ ಬೀಳ್ತಾ ಇರತ್ತೆ. ಆ ಮೂರು ಇದ್ರೆ ಸಾಕು, ಸಾವಿರಾರು ಕೇಸ್ ನಿಜವಾಗಿ ನಡೆದ ದಾರಿ ಬರತ್ತೆ, ಹುಲ್ಲಿನ ಮೇಲೆ ಜನ ನಡೆದು ನಡೆದು ಮೂಡಿದ ಕಾಲುದಾರಿ ಹಾಗೆ. ಒಂದೇ ನೇರ ಗೆರೆ ಅಂತ ಎಲ್ಲರೂ ಅಂದ್ಕೊಂಡಿದ್ದು ತೆಗೆದು ನೋಡಿದ್ರೆ ಗಂಟು ಗಂಟಾದ ದಾರದ ಉಂಡೆ. ಆದ್ರೆ ಫೋನಲ್ಲಿ ಆಗಿದ್ದು, ಕಾಗದದಲ್ಲಿ ಆಗಿದ್ದು ಇದರಲ್ಲಿ ಬರಲ್ಲ, ಹಾಗಾಗಿ ಪಕ್ಕದಲ್ಲಿ ಕೂತು ನೋಡೋದೂ ಬೇಕೇ ಬೇಕು.

ಕೊನೆಗೆ ಬದಲಾಯಿಸೋದು ಏನನ್ನ?

2005ರಲ್ಲಿ ಹಾಯೋ ರೈಯರ್ಸ್ ಮತ್ತು ಸೆಲ್ಮಾ ಲಿಮಮ್ ಮನ್ಸರ್ ಅನ್ನೋ ಇಬ್ಬರು ಸಂಶೋಧಕರು ಇಂಥ ಬದಲಾವಣೆಯ 29 ಸೂತ್ರ ಪಟ್ಟಿ ಮಾಡಿದ್ರು. ಎಲ್ಲಾ ಹೇಳೋಕೆ ಹೋಗಲ್ಲ. ಬೇಡದ ಹಂತ ತೆಗೆಯೋದು ಎಲ್ಲಕ್ಕಿಂತ ಸುಲಭ. ಒಂದರ ಹಿಂದೆ ಒಂದು ಆಗ್ತಿರೋದನ್ನ ಒಟ್ಟಿಗೆ ಶುರು ಮಾಡೋದು ಇನ್ನೊಂದು, ಲೀಗಲ್‌ನವರು ಕ್ರೆಡಿಟ್‌ನವರಿಗೆ ಕಾಯೋ ಅಗತ್ಯನೇ ಇಲ್ಲದಿರಬಹುದು. ಸುಲಭದ ಕೇಸ್‌ನ ಕಷ್ಟದ ಕೇಸ್‌ನಿಂದ ಬಾಗಿಲಲ್ಲೇ ಬೇರೆ ಮಾಡೋದು, ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮಾಡ್ತಾರಲ್ಲ ಹಾಗೆ. ಎಲ್ಲವನ್ನೂ ಪರೀಕ್ಷಿಸೋ ಬದಲು ಅಪಾಯ ಇರೋದನ್ನ ಮಾತ್ರ ಪರೀಕ್ಷಿಸೋದು. ಅರ್ಜಿ ಅರ್ಧಂಬರ್ಧ ಇದ್ರೆ ಮೊದಲ ದಿನವೇ ಹೇಳೋದು, ಹದಿನೈದನೇ ದಿನ ಅಲ್ಲ.

ಪ್ರತಿಯೊಂದಕ್ಕೂ ಬೆಲೆ ಇದೆ. ಸಮಯ, ಖರ್ಚು, ಗುಣಮಟ್ಟ, ಹೊಂದಿಕೊಳ್ಳೋ ಗುಣ ಈ ನಾಲ್ಕನ್ನ ಡೆವಿಲ್ಸ್ ಕ್ವಾಡ್ರ್ಯಾಂಗಲ್ ಅಂತಾರೆ, ಸೈತಾನನ ಚೌಕ. ಒಂದು ಮೂಲೆ ಎಳೆದ್ರೆ ಇನ್ನೊಂದು ಕುಗ್ಗತ್ತೆ. ಎರಡು ಪರಿಶೀಲನೆ ಒಟ್ಟಿಗೆ ಶುರು ಮಾಡಿದ್ರೆ ಬೇಗ ಆಗತ್ತೆ, ಆದ್ರೆ ಮೊದಲನೇದರಲ್ಲೇ ಅರ್ಜಿ ಬಿದ್ದುಹೋದ್ರೆ ಎರಡನೇದರ ಶ್ರಮ ನೀರುಪಾಲು. ಒಬ್ಬರೇ ಎಲ್ಲಾ ನೋಡ್ಕೊಂಡ್ರೆ ಹ್ಯಾಂಡಾಫ್ ಹೋಗತ್ತೆ, ಆದ್ರೆ ಅವರಿಗೆ ಟ್ರೈನಿಂಗ್ ಬೇಕು, ಒಬ್ಬರೇ ಅರ್ಜಿನೂ ತಗೊಂಡು ಮಂಜೂರೂ ಮಾಡಿದ್ರೆ ಮೋಸಕ್ಕೆ ದಾರಿ, ಹಾಗಾಗಿ ಬ್ಯಾಂಕಿನಂಥ ಕಡೆ ಕೆಲವು ಕೆಲಸಕ್ಕೆ ಬೇಕಂತಲೇ ಎರಡು ಕೈ ಇಟ್ಟಿರ್ತಾರೆ. ನೋಡೋಕೆ ದಂಡ ಅನ್ಸಿದ್ದೆಲ್ಲಾ ದಂಡ ಅಲ್ಲ, ತೆಗೆಯೋಕೆ ಮುಂಚೆ ಅದನ್ನ ಯಾಕೆ ಹಾಕಿದ್ರು ಅಂತ ಕೇಳ್ಬೇಕು.

ಆಟೊಮೇಷನ್ ಬರೋದು ಇದೆಲ್ಲಾ ಆದ ಮೇಲೆ. ಈಗ ಆರ್‌ಪಿಎ ಅಂತ ಬಂದಿದೆ, ಮನುಷ್ಯ ಸ್ಕ್ರೀನ್ ಮೇಲೆ ಮಾಡೋ ಕ್ಲಿಕ್, ಕಾಪಿ, ಪೇಸ್ಟ್‌ನ ಸಾಫ್ಟ್‌ವೇರ್ ರೋಬೋ ಮಾಡತ್ತೆ, ಎಐ ಅಂತೂ ಪತ್ರ ಓದಿ ವಿಂಗಡಿಸತ್ತೆ. ಒಳ್ಳೇದೇ, ಆದ್ರೆ ಆ 17 ನಿಮಿಷನ ಎರಡು ನಿಮಿಷ ಮಾಡಿ 22 ದಿನನ ಹಾಗೇ ಬಿಟ್ರೆ ಅರ್ಜಿ ಹಾಕಿದವರಿಗೆ ಏನೂ ಗೊತ್ತೇ ಆಗಲ್ಲ.

ನಿಮ್ಮ ಪಕ್ಕ ಬಂದು ಕೂತಾಗ

ಹಾಗಾದ್ರೆ ಆ ಲ್ಯಾಪ್‌ಟಾಪ್ ಹಿಡಿದವರು ಬಂದಾಗ ಏನು ಹೇಳ್ಬೇಕು? ಮ್ಯಾನುಯಲ್ ಅವರ ಹತ್ರ ಆಗಲೇ ಇರತ್ತೆ. ಅವರಿಗೆ ಸಿಗದೇ ಇರೋದು ನೀವು ಯಾರಿಗೆ ಕಾಯ್ತೀರಿ, ಎಷ್ಟು ಹೊತ್ತು, ಯಾವ ಅರ್ಜಿ ಪದೇ ಪದೇ ವಾಪಸ್ ಬರತ್ತೆ, ಯಾವ ಕಾಲಂನಲ್ಲಿ ಜನ ಯಾವಾಗಲೂ ತಪ್ಪು ಬರೀತಾರೆ, ಸಿಸ್ಟಮ್ ಸಾಲದೆ ನೀವು ಪಕ್ಕದಲ್ಲಿ ಒಂದು ಎಕ್ಸೆಲ್ ಶೀಟ್ ಇಟ್ಕೊಂಡಿದೀರಲ್ಲ ಅದರಲ್ಲಿ ಏನಿದೆ ಅನ್ನೋದು. ಆ ಶೀಟ್ ತೋರಿಸಿ. ಮುಚ್ಚಿಟ್ರೆ ಹೊಸ ಸಿಸ್ಟಮ್‌ನಲ್ಲೂ ಅದಕ್ಕೆ ಜಾಗ ಇರಲ್ಲ, ಉದ್ಘಾಟನೆ ಆಗಿ ಫೋಟೊ ತೆಗೆಸ್ಕೊಂಡು ಎಲ್ಲರೂ ಹೋದ ಮೇಲೆ ಆರು ತಿಂಗಳಿಗೆ ಬಂದು ನೋಡಿದ್ರೆ ಹೊಸ ಸಾಫ್ಟ್‌ವೇರ್ ಒಂದು ಕಿಟಕಿಯಲ್ಲಿ ತೆರೆದಿರತ್ತೆ, ಪಕ್ಕದ ಕಿಟಕಿಯಲ್ಲಿ ಅದೇ ಹಳೇ ಶೀಟ್, ಈಗ ಎರಡರಲ್ಲೂ ತುಂಬ್ಬೇಕು.